ಮಕ್ಕಳ ಕೈಗೆ ಟೇಪು ಕೊಟ್ಟೆ, ರಸ್ತೆ ಅಳೆಸಿದೆ

ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಪಾಠ ಮಾಡುತ್ತೇನೆ. ಜನವರಿ ಬಂದರೆ ರಸ್ತೆ ಸುರಕ್ಷತೆ ಅಂತ ಮಕ್ಕಳಿಗೆ ಬ್ಯಾನರ್ ಹಿಡಿಸಿ ಜಾಥಾ ಮಾಡಿಸುತ್ತೇವೆ, ಪ್ರಬಂಧ ಸ್ಪರ್ಧೆ ಇಡುತ್ತೇವೆ. ಗೇಟಿನ ಮುಂದಿನ ರಸ್ತೆ ಮಾತ್ರ ಹಾಗೇ ಇರುತ್ತದೆ. "ನೋಡಿಕೊಂಡು ದಾಟಿ" ಅಂತ ಮಕ್ಕಳಿಗೇ ಹೇಳುತ್ತಾ ಕೂತರೆ ತಪ್ಪೆಲ್ಲ ದಾಟುವವರದ್ದೇ ಅಂತಾಗುತ್ತದೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ 5ರಿಂದ 29 ವರ್ಷದವರು ಅತಿ ಹೆಚ್ಚು ಸಾಯುವುದು ರಸ್ತೆ ಅಪಘಾತದಲ್ಲಿ. ನನ್ನ ಕ್ಲಾಸಿನಲ್ಲಿ ಕೂತಿರುವವರೆಲ್ಲ ಅದೇ ವಯಸ್ಸಿನವರು. ಹಾಗಾಗಿ ರಸ್ತೆಯಲ್ಲಿ ಏನು ಸರಿಯಿಲ್ಲ ಅಂತ ಅವರೇ ಅಳೆದು ಹೇಳಲಿ ಅಂದುಕೊಂಡೆ.

ಎಂಟು, ಒಂಬತ್ತನೇ ಕ್ಲಾಸಿನವರನ್ನು ಸೇರಿಸಿಕೊಂಡೆ. ಕೆಲಸ ಕಷ್ಟದ್ದಲ್ಲ. ಫುಟ್‌ಪಾತಿನ ಅಂಚಿನಲ್ಲಿ 50 ಮೀಟರ್ ಅಳೆದು ಎರಡೂ ಕೊನೆಗೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಗಾಡಿ ಮೊದಲ ಗೆರೆಗೆ ಬಂದಾಗ ಒಬ್ಬರು ಕೈ ಎತ್ತುತ್ತಾರೆ, ಎರಡನೇ ಗೆರೆಯ ಹತ್ತಿರ ನಿಂತವರು ಸ್ಟಾಪ್‌ವಾಚ್ ಒತ್ತುತ್ತಾರೆ, ಗಾಡಿ ತಮ್ಮ ಗೆರೆಗೆ ಬಂದಾಗ ನಿಲ್ಲಿಸುತ್ತಾರೆ. 6 ಸೆಕೆಂಡ್ ಆದರೆ ಗಂಟೆಗೆ 30 ಕಿ.ಮೀ., ನಾಲ್ಕೂವರೆ ಆದರೆ 40, 3.6 ಆದರೆ 50. ಕ್ಲಾಸಿನಲ್ಲಿ ವೇಗದ ಲೆಕ್ಕ ಬಂದರೆ ಆಕಳಿಸುತ್ತಿದ್ದ ಹುಡುಗರು ಈ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದರು! ಒಬ್ಬ ಹುಡುಗಿ, "ಸಾರ್, ಈಗ ಹೋಗಿದ್ದು ನಮ್ಮಪ್ಪನ ಸ್ಕೂಟರ್. ನಾಲ್ಕೇ ಸೆಕೆಂಡು" ಅಂದಳು. ಹಾಳೆಯಲ್ಲಿ 45 ಅಂತ ಬರೆದಳು. ರಾತ್ರಿ ಅಪ್ಪ ಊಟಕ್ಕೆ ಕೂತಾಗ ಅದನ್ನು ತೋರಿಸಿದಳಂತೆ. ನಾನು ಎಷ್ಟು ಭಾಷಣ ಮಾಡಿದ್ದರೂ ಆ ಮನೆಯೊಳಗೆ ಈ ಮಾತು ಹೋಗುತ್ತಿರಲಿಲ್ಲ.

ಆಮೇಲೆ ದಾಟುವ ಲೆಕ್ಕ. ನಮ್ಮ ರಸ್ತೆ 14 ಮೀಟರ್ ಅಗಲ. ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ ಆ ಕಡೆ ಮುಟ್ಟಲು ಸುಮಾರು 12 ಸೆಕೆಂಡ್ ಬೇಕು. ಅಷ್ಟರಲ್ಲಿ 40ರಲ್ಲಿ ಬರುವ ಬೈಕು 130 ಮೀಟರ್ ಬಂದುಬಿಡುತ್ತದೆ. ಗೇಟಿನಿಂದ ತಿರುವಿಗೆ ಅಷ್ಟು ದೂರವೇ ಇಲ್ಲ. ಅಂದರೆ ರಸ್ತೆಗೆ ಕಾಲಿಡುವಾಗ ಕಣ್ಣಿಗೇ ಬೀಳದ ಬೈಕು ನಡುರಸ್ತೆಯಲ್ಲಿ ಎದುರಾಗಬಹುದು, ಎಷ್ಟು ನೋಡಿಕೊಂಡು ಹೊರಟರೂ ಅಷ್ಟೇ. ಇದನ್ನು ಹೇಳಿದ್ದು ನಾನಲ್ಲ, ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ ಮಕ್ಕಳೇ ಕಂಡುಕೊಂಡರು.

ಹಂಪನ್ನೂ ಅಳೆದರು. ರಸ್ತೆ ಹೇಗಿರಬೇಕು ಅಂತ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಾಡಿ ಮೆಲ್ಲಗೆ ಹತ್ತಿ ಮೆಲ್ಲಗೆ ಇಳಿಯುವಂಥದ್ದು. ನಮ್ಮದು ಒಂದು ಮೀಟರ್ ಕೂಡ ಅಗಲ ಇರಲಿಲ್ಲ, ಬಣ್ಣವೂ ಇಲ್ಲ, ರಾತ್ರಿ ಹೊತ್ತು ಬೈಕಿನವರು ಬೀಳುವಂಥದ್ದು.

ಎಲ್ಲವನ್ನೂ ಒಂದು ನಕ್ಷೆಯಲ್ಲಿ ಗುರುತು ಮಾಡಿ ರಸ್ತೆ ನೋಡಿಕೊಳ್ಳುವ ಎಂಜಿನಿಯರ್ ಹತ್ತಿರ ಹೋದೆವು. ಮಾತಾಡಿದ್ದು ಮಕ್ಕಳು, ನಾನು ಸುಮ್ನೆ ಹಿಂದೆ ಕೂತಿದ್ದೆ. ಎಂಜಿನಿಯರ್ "ಯಾವ ಹೊತ್ತಲ್ಲಿ ಅಳೆದಿರಿ?" ಅಂತ ಕೇಳಿದರು. ಶಾಲೆ ಶುರುವಾಗುವ ಹೊತ್ತಿನದ್ದು, ಬಿಡುವ ಹೊತ್ತಿನದ್ದು, ಎರಡೂ ಹಾಳೆ ತೆಗೆದು ಮಕ್ಕಳು ಮುಂದಿಟ್ಟರು. ಮನವಿ ಪತ್ರ ಮಾತ್ರ ಕೊಟ್ಟಿದ್ದರೆ "ನೋಡೋಣ" ಅಂತ ಕಳಿಸುತ್ತಿದ್ದರೋ ಏನೋ, ಅಂಕಿ ಇದ್ದದ್ದಕ್ಕೆ ಜಾಗ ನೋಡಲು ಬಂದರು. ಹಂಪು ಸರಿಯಾಯಿತು, ಜೀಬ್ರಾ ಪಟ್ಟಿ ಬಂತು. ಫುಟ್‌ಪಾತಿನ ಮೇಲಿರುವ ಟ್ರಾನ್ಸ್‌ಫಾರ್ಮರ್ ಇನ್ನೂ ಅಲ್ಲೇ ಇದೆ, ಅದರ ಬೆನ್ನು ಹತ್ತಿದ್ದೇವೆ.

ಹತ್ತನೇ ಕ್ಲಾಸಿನ ಕೆಲವರು ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅವರು ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು, ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಇದನ್ನು ಪೋಷಕರ ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ಅಳತೆಗೆ ಬಂದಿದ್ದ ಮಕ್ಕಳೇ.

ನೀವೂ ಮಾಡುವುದಾದರೆ ಮನೆಯವರ ಒಪ್ಪಿಗೆ ಬರೆಸಿಕೊಳ್ಳಿ, ಟ್ರಾಫಿಕ್ ಠಾಣೆಗೆ ಮೊದಲೇ ತಿಳಿಸಿ. ರಸ್ತೆಗೆ ಇಳಿದು ಅಳೆಯುವ ಕೆಲಸ ದೊಡ್ಡವರೇ ಮಾಡಲಿ, ಅದೂ ಗಾಡಿ ಕಮ್ಮಿ ಇರುವ ಭಾನುವಾರ ಬೆಳಗ್ಗೆ. ಮಕ್ಕಳು ಫುಟ್‌ಪಾತ್ ಬಿಟ್ಟು ಕೆಳಗೆ ಇಳಿಯಬಾರದು. ಕೆಲಸ ಆದ ಮೇಲೆ ಅದೇ ಗೆರೆಗಳಲ್ಲಿ ಇನ್ನೊಂದು ಸಲ ವೇಗ ಅಳೆಸಿ, ಆ ಹಾಳೆಯನ್ನೂ ಎಂಜಿನಿಯರ್‌ಗೆ ಕಳಿಸಿ.