ಪರದೆ ಕಪ್ಪಾದರೆ ಮಾನಿಟರ್‌ ಮೇಲೆ ತಪ್ಪು ಹೊರಿಸಬೇಡಿ

ಮಳೆಗಾಲ ಶುರುವಾಯಿತೆಂದರೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹಳೇ ಕಂಪ್ಯೂಟರುಗಳು ಕೈಕೊಡುತ್ತವೆ. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. 'ಮಾನಿಟರ್ ಹೋಯ್ತು' ಅಂತ ಮನೆಯವರೇ ತೀರ್ಮಾನ ಮಾಡಿ, ಚಿಕ್ಕಮಗಳೂರಿಗೆ ಹೋಗಿ ಹೊಸದು ತರುತ್ತಾರೆ. ಅದರಲ್ಲೂ ಏನೂ ಬರುವುದಿಲ್ಲ. ಇಂಥ ದಂಡದ ಖರ್ಚು ಬೇಕಾದಷ್ಟು ನೋಡಿದ್ದೇನೆ.

ಮೊದಲು ಮಾನಿಟರನ್ನು ಪರೀಕ್ಷಿಸಿ. ಸಿಪಿಯು ಕಡೆಯ ಕೇಬಲ್ ಕಿತ್ತು ಮಾನಿಟರ್ ಒಂದನ್ನೇ ಆನ್ ಮಾಡಿ. 'ನೋ ಸಿಗ್ನಲ್' ಅಥವಾ 'ಚೆಕ್ ಕೇಬಲ್' ಅಂತ ಬಂದರೆ ಅದರ ತಪ್ಪಿಲ್ಲ. ಹಳೇ ಸಿಆರ್‌ಟಿ (ಹಿಂದೆ ಡುಬ್ಬವಿರುವ ಹಳೇ ಟಿವಿಯಂಥ) ಮಾನಿಟರ್ ಆದರೆ ಹಿಂಬದಿ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಆಮೇಲೆ ಕೇಬಲ್. ನೀಲಿ ತಲೆಯ ವಿಜಿಎ ಕೇಬಲ್ಲಿನಲ್ಲಿ 15 ಪಿನ್ನಿನ ಜಾಗ ಇರುತ್ತದೆ. ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಎಷ್ಟೋ ಕೇಬಲ್ಲುಗಳಲ್ಲಿ ಒಂಬತ್ತನೇ ಪಿನ್ ಇರುವುದೇ ಇಲ್ಲ. ಪರದೆ ಪೂರ್ತಿ ಹಳದಿಗೋ ಗುಲಾಬಿಗೋ ತಿರುಗಿದ್ದರೆ ಪಿನ್ ಬಾಗಿದೆ, ಇಲ್ಲವೇ ಸಡಿಲವಾಗಿದೆ. ಎರಡೂ ಬದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿ. ಇಲ್ಲೇ ಒಂದು ಮಾತು: ಎರಡೂ ತುದಿಗೆ ಬೇರೆ ಬೇರೆ ಪ್ಲಗ್ ಕೂರಿಸಿದ ಅಗ್ಗದ ವಿಜಿಎ–ಎಚ್‌ಡಿಎಂಐ ವೈರು ತರಬೇಡಿ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಚಿಪ್ ಇರುವ ಕನ್ವರ್ಟರ್ ಇಲ್ಲದೆ ಚಿತ್ರ ಬರುವುದಿಲ್ಲ.

ಈಗ ಕೀಬೋರ್ಡಿನ ನಮ್ ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಕಂಪ್ಯೂಟರ್ ಓಡುತ್ತಿದೆ, ತೊಂದರೆ ಚಿತ್ರದ ದಾರಿಯಲ್ಲಷ್ಟೇ. ದೀಪ ಅಲ್ಲಾಡದಿದ್ದರೆ ಮಲೆನಾಡಿನಲ್ಲಿ ನನ್ನ ಮೊದಲ ಅನುಮಾನ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ತೇವಕ್ಕೆ ಅದರ ಅಂಚಿನ ಸಂಪರ್ಕಗಳು ಮಬ್ಬಾಗಿ ಕರೆಂಟು ಸರಿಯಾಗಿ ದಾಟುವುದಿಲ್ಲ.

ಅದನ್ನು ಬಿಚ್ಚಿ ಉಜ್ಜಬೇಕು. ಎಲ್ಲರೂ ಎಡವುವುದು ಇಲ್ಲೇ. ಪ್ಲಗ್ ಪೂರ್ತಿ ಕಿತ್ತುಬಿಡಿ. ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟು ಇಳಿಯಲಿ. ಪಕ್ಕದ ತಗಡು ಬಿಚ್ಚಿ ಒಳಗಿನ ಕಬ್ಬಿಣ ಮುಟ್ಟಿ, ಮೈಯ ಸ್ಟ್ಯಾಟಿಕ್ ಹೋಗುತ್ತದೆ. ಸ್ಲಾಟಿನ ಎರಡೂ ತುದಿಯ ಕ್ಲಿಪ್ ಹೊರಕ್ಕೆ ತಳ್ಳಿದರೆ ರ‍್ಯಾಮ್ ತಾನೇ ಮೇಲೇಳುತ್ತದೆ. ಅಂಚು ಹಿಡಿದೇ ಎತ್ತಿ. ಮಕ್ಕಳ ಬಿಳಿ ರಬ್ಬರಿನಿಂದ ಬಂಗಾರ ಬಣ್ಣದ ಪಟ್ಟಿಗಳನ್ನು ಎರಡೂ ಕಡೆ ಮೆತ್ತಗೆ ಉಜ್ಜಿ. ರಬ್ಬರ್ ಕಪ್ಪಾಗುವುದು ಕಣ್ಣಿಗೇ ಕಾಣುತ್ತದೆ. ಸ್ಯಾಂಡ್‌ಪೇಪರ್ ಬೇಡವೇ ಬೇಡ, ಲೇಪನವೇ ಎದ್ದು ಹೋಗುತ್ತದೆ. ಉಜ್ಜುವುದು ಮೇಜಿನ ಮೇಲಿರಲಿ, ಎಲ್ಲ ಭಾಗ ಕೂರಿಸಿದ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡಿನ ಮೇಲಲ್ಲ. ಪುಡಿ ಸ್ಲಾಟಿಗೆ ಬಿದ್ದರೆ ಹೊಸ ತಲೆನೋವು. ಸ್ಲಾಟನ್ನು ಒಣ ಬ್ರಷ್‌ನಿಂದ ಗುಡಿಸಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ.

ವಾಪಸ್ ಹಾಕುವಾಗ ರ‍್ಯಾಮಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಹೊಂದಬೇಕು. ಎರಡು ಹೆಬ್ಬೆರಳಿಂದ ಎರಡೂ ತುದಿ ಒತ್ತಿ. 'ಟಕ್' ಅಂದು ಕ್ಲಿಪ್‌ಗಳು ತಾವಾಗಿಯೇ ನೆಟ್ಟಗಾಗಬೇಕು. ಒಂದು ತುದಿ ಕೂತು ಇನ್ನೊಂದು ಕೂದಲೆಳೆಯಷ್ಟು ಎದ್ದಿದ್ದರೂ ಪರದೆ ಕಪ್ಪೇ. ರ‍್ಯಾಮ್ ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಪಕ್ಕದ ಮನೆಯದನ್ನು ತಂದು ಹಾಕುವುದಾದರೆ ಅದರ ಜಾತಿ ನೋಡಿ: ಡಿಡಿಆರ್2 ಮತ್ತು ಡಿಡಿಆರ್3 ಕಚ್ಚುಗಳು ಬೇರೆ ಜಾಗದಲ್ಲಿರುತ್ತವೆ, ಸುಮ್ನೆ ಒತ್ತಿ ಮುರಿಯಬೇಡಿ.



ವಿಂಡೋಸ್ ಲೋಗೋ ಬಂದ ಮೇಲೆ ಚಿತ್ರ ಮಾಯವಾಗುತ್ತದೆಯೇ, 'ಔಟ್ ಆಫ್ ರೇಂಜ್' ಅನ್ನುತ್ತಿದೆಯೇ? ಹಾಗಾದರೆ ಇದು ಸೆಟ್ಟಿಂಗ್ ಎಡವಟ್ಟು. ವಿಂಡೋಸ್ 7 ಆದರೆ ಲೋಗೋ ಬರುವ ಮೊದಲೇ ಎಫ್8 ಒತ್ತುತ್ತಾ ಲೋ ರೆಸಲ್ಯೂಷನ್‌ನಲ್ಲಿ ಒಳಹೋಗಿ, ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಮೂಡುತ್ತದೆಂಬ ರಿಫ್ರೆಶ್ ರೇಟ್ 60 ಹರ್ಟ್ಸ್‌ಗೆ ಇಳಿಸಿ. ಎಲ್ಲ ಡ್ರೈವರ್ (ಬಿಡಿಭಾಗಗಳನ್ನು ಓಡಿಸುವ ತಂತ್ರಾಂಶ) ತಾನೇ ಹುಡುಕುತ್ತೇನೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಬೇಡಿ, ಜಾಹೀರಾತು ತುಂಬಿಕೊಳ್ಳುವುದೇ ಜಾಸ್ತಿ.

ಇಷ್ಟಾದರೂ ಬರದಿದ್ದರೆ ಮದರ್‌ಬೋರ್ಡಿನ ಕೆಪಾಸಿಟರ್‌ಗಳ (ಪುಟ್ಟ ಡಬ್ಬಿಯಂಥ ಭಾಗಗಳ) ತಲೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಅದು ಅಂಗಡಿ ಕೆಲಸ. ಕೊಡುವ ಮೊದಲು ನಿಮ್ಮ ಫೋಟೊ, ಕಡತಗಳಿರುವ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಪರದೆಯಲ್ಲಿ ಮೊದಲ ಅಕ್ಷರ ಮೂಡಲು ಅದು ಬೇಕಾಗಿಲ್ಲ.