ಪಾರ್ಕಿನ ಹುಂಡಿ ಎಣಿಸಿದ ಅನುಭವ

2011ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ಪಟ್ಟಿ ಹೊರಡಿಸಿತು. ರಾಜ್ಯ ಸರ್ಕಾರ ನೋಡಿಕೊಳ್ಳುವ ಕಾಡು, ಬೆಟ್ಟ, ಕಡಲತೀರಗಳ 278 ಸ್ಟೇಟ್ ಪಾರ್ಕ್‌ಗಳಲ್ಲಿ 70 ಪಾರ್ಕ್‌ಗಳನ್ನು 2012ರ ಜುಲೈ 1ರೊಳಗೆ ಮುಚ್ಚುತ್ತೇವೆ ಅಂತ. 2 ಕೋಟಿ 20 ಲಕ್ಷ ಡಾಲರ್ ಉಳಿಸಬೇಕಿತ್ತು. ನಾನು ಪ್ರತಿ ಭಾನುವಾರ ಬೆಟ್ಟ ಹತ್ತಲು ಹೋಗುತ್ತಿದ್ದ ಪಾರ್ಕ್ ಕೂಡ ಆ ಪಟ್ಟಿಯಲ್ಲಿತ್ತು. ಹೆಸರು ಬೇಡ ಬಿಡಿ, ಮುಂದೆ ನಮ್ಮ ತಪ್ಪುಗಳನ್ನೇ ಹೇಳೋದಿದೆ.

ಅದಕ್ಕೂ ಆರು ತಿಂಗಳ ಹಿಂದೆ ಒಂದು ಅವಕಾಶ ಕೈತಪ್ಪಿ ಹೋಗಿತ್ತು. ಪ್ರತಿ ವಾಹನದ ಮೇಲೆ ವರ್ಷಕ್ಕೆ 18 ಡಾಲರ್ ಹಾಕಿ, ಅದರ ಬದಲಿಗೆ ಪಾರ್ಕ್‌ಗಳಿಗೆ ಪುಕ್ಕಟೆ ಪ್ರವೇಶ ಕೊಡೋಣ ಅನ್ನುವ ಪ್ರಸ್ತಾಪವನ್ನು ಮತದಾರರು ತಳ್ಳಿಹಾಕಿದ್ದರು. ನನ್ನ ಹತ್ತಿರ ಇದ್ದದ್ದು ಗ್ರೀನ್ ಕಾರ್ಡ್, ವೋಟು ಹಾಕುವ ಹಾಗಿರಲಿಲ್ಲ. ಹಾಗಾಗಿ ಸುಮ್ನೆ ಗೊಣಗಿಕೊಂಡು ಇದ್ದೆ.

ನಮ್ಮದು ಆ ಪಾರ್ಕಿನ ಸ್ವಯಂಸೇವಕರ ಸಣ್ಣ ಸಂಘ. ನಕ್ಷೆ, ಟೀ ಶರ್ಟ್ ಮಾರೋದು, ಶಾಲಾ ಮಕ್ಕಳನ್ನು ಸುತ್ತಾಡಿಸೋದು, ಅಷ್ಟೇ ಗೊತ್ತಿದ್ದದ್ದು. 2011ರ ಅಕ್ಟೋಬರ್‌ನಲ್ಲಿ ಎಬಿ 42 ಅನ್ನೋ ಕಾನೂನು ಬಂತು. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಇಡೀ ಪಾರ್ಕನ್ನೇ ನಡೆಸಬಹುದು, ಆದರೆ ರಾಜ್ಯದಲ್ಲಿ 20 ಪಾರ್ಕ್‌ಗಳಿಗಿಂತ ಜಾಸ್ತಿ ಇಲ್ಲ ಅಂತ ಅದರಲ್ಲಿತ್ತು. ಮುಚ್ಚುವ ಪಟ್ಟಿಯಲ್ಲಿದ್ದ ಜಾಕ್ ಲಂಡನ್ ಪಾರ್ಕ್ 2012ರ ಮೇ ತಿಂಗಳಲ್ಲೇ ಹೀಗೆ ಕೈ ಬದಲಾಯಿಸಿತು. ಆಮೇಲೆ ಶುಗರ್‌ಲೋಫ್ ರಿಜ್. ನಾವೂ ಧೈರ್ಯ ಮಾಡಿದೆವು.

ಫೋನಿನಲ್ಲಿ ಇದನ್ನು ಹೇಳಿದಾಗ ಬೆಂಗಳೂರಿನಲ್ಲಿರುವ ಭಾವ ತಕ್ಷಣ ಕೇಳಿದರು, "ಅಂದ್ರೆ ನಾಗವಾರ ಕೆರೆ ಥರ ಗುತ್ತಿಗೆ ಕೊಟ್ಟುಬಿಟ್ರಾ?" ಕೇಳಿದ್ದು ಸರಿಯೇ. ಹೆಬ್ಬಾಳ, ನಾಗವಾರ ಕೆರೆಗಳನ್ನು ಖಾಸಗಿಯವರಿಗೆ ಕೊಟ್ಟದ್ದು, ಅದು ಹೈಕೋರ್ಟ್ ತನಕ ಹೋದದ್ದು ಊರಿನವರಿಗೆ ಮರೆತಿಲ್ಲ. ಇಲ್ಲಿ ಹಾಗಲ್ಲ ಭಾವ ಅಂದೆ. ಜಮೀನು ಸರ್ಕಾರದ್ದೇ. ಕಾನೂನು ಮುರಿದವರಿಗೆ ದಂಡ ಹಾಕುವ ಅಧಿಕಾರ ರೇಂಜರ್‌ಗಳದ್ದೇ, ನಾವು ಬರೀ "ದಯವಿಟ್ಟು ನಾಯಿಗೆ ಹಗ್ಗ ಕಟ್ಟಿ ಸಾರ್" ಅನ್ನಬಹುದು. ಪಾರ್ಕಿನಲ್ಲಿ ಹುಟ್ಟಿದ ಹಣ ಆ ಪಾರ್ಕಿಗೇ ಖರ್ಚಾಗಬೇಕು. ಪ್ರತಿ ವರ್ಷ ವರದಿ ಒಪ್ಪಿಸಬೇಕು. "ಹಾಗಾದ್ರೆ ನಿಮಗೇನು ಲಾಭ?" ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ನನ್ನ ಪಾಲಿಗೆ ಬಂದದ್ದು ಹುಂಡಿ. ಇಲ್ಲಿ ಅದಕ್ಕೆ ಐರನ್ ರೇಂಜರ್ ಅಂತಾರೆ. ನೆಲದಲ್ಲಿ ಹೂತ ದಪ್ಪ ಕಬ್ಬಿಣದ ಕೊಳವೆ, ಮೇಲೆ ಒಂದು ಸೀಳು. ಗೇಟಿನಲ್ಲಿ ಕೂರಿಸಲು ಜನರಿಲ್ಲದಾಗ ಬಂದವರು ಲಕೋಟೆಯಲ್ಲಿ ಶುಲ್ಕ ಹಾಕಿ, ಕಾರಿನ ನಂಬರ್ ಬರೆದು ಒಳಗೆ ಬಿಡಬೇಕು. ಸೋಮವಾರ ಬೆಳಿಗ್ಗೆ ಇಬ್ಬರು ಹೋಗಿ ಬೀಗ ತೆಗೆಯುತ್ತಿದ್ದೆವು, ಒಬ್ಬರೇ ತೆಗೆಯುವ ಹಾಗಿಲ್ಲ. ಮಳೆಗಾಲದಲ್ಲಿ ಲಕೋಟೆಗಳೆಲ್ಲ ಒದ್ದೆ, ಒಂದಕ್ಕೊಂದು ಅಂಟಿಕೊಂಡು ಹಪ್ಪಳದ ಹಾಗಿರುತ್ತಿದ್ದವು. ಮೇಜಿನ ಮೇಲೆ ಹರವಿ ಫ್ಯಾನ್ ಹಾಕಿ ಒಣಗಿಸಬೇಕು. 8 ಡಾಲರ್ ಬದಲು 5 ಹಾಕಿ "ಚಿಲ್ಲರೆ ಇರಲಿಲ್ಲ, ಕ್ಷಮಿಸಿ" ಅಂತ ಬರೆದವರು, 20 ಹಾಕಿ ಏನೂ ಬರೆಯದವರು, ಖಾಲಿ ಲಕೋಟೆಯನ್ನು ನೀಟಾಗಿ ಅಂಟಿಸಿ ಹಾಕಿದವರು, ಎಲ್ಲರೂ ಇದ್ದರು. ಮೊದಲ ವರ್ಷ ನಾವು ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ ಅಂದರೆ ವಾರಾಂತ್ಯದಲ್ಲಿ ಗೇಟಿನ ಹತ್ತಿರ ಒಬ್ಬ ಮನುಷ್ಯನನ್ನು ನಿಲ್ಲಿಸಿದ್ದು. ಅವರು ಹಣ ಕೇಳುತ್ತಿರಲಿಲ್ಲ, ನಕ್ಷೆ ಕೊಟ್ಟು ನಮಸ್ಕಾರ ಹೇಳುತ್ತಿದ್ದರು ಅಷ್ಟೇ. ಖಾಲಿ ಲಕೋಟೆಗಳು ಹೆಚ್ಚುಕಡಿಮೆ ನಿಂತೇಹೋದವು!

ದೇಣಿಗೆ ಎತ್ತೋದು ಕಷ್ಟ ಅಂದುಕೊಂಡಿದ್ದೆ. ಅಲ್ಲ. ಯಾವುದಕ್ಕೆ ಕೊಡುತ್ತಾರೆ ಅನ್ನೋದರಲ್ಲಿತ್ತು ತೊಡಕು. ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ಮೇಲೆ ಬೆಳಕೇ ಬಾರದ ಹಾಗೆ ದಾನಿಯ ಹೆಸರು ಬರೆಸಿರುತ್ತಾರಲ್ಲ, ಇಲ್ಲಿಯೂ ಅದೇ ಕಥೆ. ಎಲ್ಲರಿಗೂ ಬೆಂಚ್ ಬೇಕು. ಅಮ್ಮನ ನೆನಪಿಗೆ, ತೀರಿಹೋದ ನಾಯಿಯ ನೆನಪಿಗೆ, ಬೆಟ್ಟದ ತುದಿಯಲ್ಲಿ, ಸೂರ್ಯಾಸ್ತ ಕಾಣುವ ಕಡೆ. ಆದರೆ ಪಾರ್ಕ್ ನಡೆಯೋದು ಶೌಚಾಲಯದ ಮೇಲೆ. ನಮ್ಮಲ್ಲಿದ್ದದ್ದು ಗುಂಡಿಯ ಶೌಚಾಲಯಗಳು. ತುಂಬಿದಾಗಲೆಲ್ಲ ಲಾರಿ ಕರೆಸಿ ಖಾಲಿ ಮಾಡಿಸಬೇಕು, ಆ ಬೆಟ್ಟದ ರಸ್ತೆಗೆ ಲಾರಿಯವರು ಪ್ರತಿ ಸಲ ಬಾಡಿಗೆ ಏರಿಸುತ್ತಿದ್ದರು, ಕಾಗದ ಬೇರೆ, ತೊಳೆಯುವವರ ಸಂಬಳ ಬೇರೆ. ಇದಕ್ಕೆ ಒಬ್ಬ ದಾನಿಯೂ ಇಲ್ಲ. ಕೊನೆಗೆ ಬೆಂಚಿನ ಬೆಲೆಯನ್ನೇ ದುಪ್ಪಟ್ಟು ಮಾಡಿ, ಅರ್ಧ ಬೆಂಚಿಗೆ, ಇನ್ನರ್ಧ ದಿನನಿತ್ಯದ ನಿರ್ವಹಣೆಗೆ ಅಂತ ಅರ್ಜಿಯಲ್ಲೇ ಬರೆದೆವು. ಒಬ್ಬರೂ ತಕರಾರು ಮಾಡಲಿಲ್ಲ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಇದೆಲ್ಲ ಹಳಿಗೆ ಬರುವ ಮೊದಲೇ, ನಾವು ಶುರು ಮಾಡಿದ ಹೊಸದರಲ್ಲೇ, 2012ರ ಜುಲೈ ಬಂದಿತ್ತು. ಪಾರ್ಕ್ ಇಲಾಖೆಯ ಎರಡು ನಿಧಿಗಳಲ್ಲಿ ಲೆಕ್ಕಕ್ಕೆ ತೋರಿಸದ 5 ಕೋಟಿ 40 ಲಕ್ಷ ಡಾಲರ್ ಇದೆ ಅನ್ನೋದು ಹೊರಬಿತ್ತು. ಅದರಲ್ಲಿ ಸುಮಾರು 2 ಕೋಟಿ ಪಾರ್ಕ್‌ಗಳದ್ದು, ಉಳಿದದ್ದು ರಸ್ತೆಯಿಲ್ಲದ ಕಡೆ ಓಡಿಸುವ ಆಫ್‌ರೋಡ್ ವಾಹನಗಳ ನಿಧಿಯದ್ದು. ಇಲಾಖೆಯ ನಿರ್ದೇಶಕಿ ರಾಜೀನಾಮೆ ಕೊಟ್ಟರು. ಆ ವಾರ ನನಗೆ ಬಂದ ಫೋನುಗಳು! ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ನಾನೇ ಡಬ್ಬಿ ಹಿಡಿದು ಓಡಾಡಿ ನಮ್ಮ ಪಾರ್ಕಿಗೆ ಹಣ ಎತ್ತಿದ್ದೆ, ಕೊಟ್ಟವರೇ ಈಗ ಫೋನ್ ಮಾಡಿದ್ದು. "ಏನ್ರೀ ಇದು, ಸರ್ಕಾರದ ಹತ್ರ ದುಡ್ಡಿತ್ತಂತೆ ಅಲ್ವಾ?" ಅಂತ ಕೆಲವರು ಎದುರಿಗೇ ಕೇಳಿದರು. ನಾನು ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ, ನಿಮ್ಮ 40 ಡಾಲರ್ ಇಲ್ಲಿದೆ ನೋಡಿ, ಲಾರಿಯವನಿಗೆ ಹೋಗಿದೆ. ಸೆಪ್ಟೆಂಬರ್‌ನಲ್ಲಿ ಹೊಸ ಕಾನೂನು ಮಾಡಿ ಎರಡು ವರ್ಷ ಪಾರ್ಕ್ ಮುಚ್ಚುವ ಹಾಗಿಲ್ಲ ಅಂದರು, ದಾನಿಗಳು ಕೊಟ್ಟಷ್ಟೇ ಹಣ ಸರ್ಕಾರವೂ ಹಾಕಲು 1 ಕೋಟಿ ಡಾಲರ್ ತೆಗೆದಿಟ್ಟರು. ಆದರೂ ಬಿಟ್ಟು ಹೋದ ಕೆಲವು ದಾನಿಗಳು ಮರಳಿ ಬರಲಿಲ್ಲ.

ನಮ್ಮ ದೊಡ್ಡ ತಪ್ಪು ಒಪ್ಪಂದದಲ್ಲಿತ್ತು. "ನಿರ್ವಹಣೆ ಸಂಘದ್ದು, ದೊಡ್ಡ ದುರಸ್ತಿ ಸರ್ಕಾರದ್ದು" ಅಂತ ಒಂದೇ ಸಾಲು ಬರೆದು ಸಹಿ ಹಾಕಿದ್ದೆವು. ದೊಡ್ಡದು ಅಂದರೆ ಎಷ್ಟು? ಹಳೇ ನೀರಿನ ಪೈಪು ಒಡೆಯಿತು. ತೇಪೆ ಹಾಕಿಸಿದೆವು. ಒಂದು ಮಾರು ಆಚೆ ಮತ್ತೆ ಒಡೆಯಿತು. ಪ್ರತಿ ತೇಪೆಯೂ ಸಣ್ಣ ಕೆಲಸ, ಆದರೆ ಇಡೀ ಪೈಪೇ ಹೋಗಿದೆ ಅಂತ ಮೂರನೇ ಸಲ ಗುಂಡಿ ತೋಡಿದ ಪ್ಲಂಬರ್ ತುಕ್ಕಿನ ಚೂರನ್ನು ಬೆರಳಲ್ಲಿ ಪುಡಿ ಮಾಡಿ ತೋರಿಸಿದ. ಮುಂದಿನ ಒಪ್ಪಂದದಲ್ಲಿ ಮೊತ್ತ ನಮೂದಿಸಿದೆವು. ಅದಕ್ಕಿಂತ ಕಡಿಮೆಯಾದರೆ ನಾವು, ದಾಟಿದರೆ ಸರ್ಕಾರ, ಒಂದೇ ಪೈಪು ಎರಡು ಸಲ ಒಡೆದರೆ ಮೊತ್ತ ಎಷ್ಟೇ ಇರಲಿ ಸರ್ಕಾರ. ನೀವು ಕೆರೆಗೋ ಪಾರ್ಕಿಗೋ ಇಂಥ ಒಪ್ಪಂದಕ್ಕೆ ಸಹಿ ಹಾಕುವವರಿದ್ದರೆ ಮೊದಲು ಈ ಸಾಲನ್ನು ಬರೆಸಿಕೊಳ್ಳಿ, ಉಳಿದದ್ದು ಆಮೇಲೆ.

ಆ ಪ್ಲಂಬರ್ ಮೂರನೇ ತೇಪೆಗೆ ಬಿಲ್ ಕೊಡಲಿಲ್ಲ. ಬೆಂಚಿನ ಮೇಲೆ ನಿಮ್ಮ ಹೆಸರು ಹಾಕಿಸ್ತೀವಿ ಅಂದೆ. ಬೇಡ, ಶೌಚಾಲಯದ ಬಾಗಿಲಿಗೆ ಹಾಕಿ ಅಂದ. ಹಾಕಿದ್ದೇವೆ, ಪಾರ್ಕಿಂಗ್‌ನಿಂದ ಎರಡನೆಯದು.