ಒಂದೇ ‘ಕುರುಕ್ಷೇತ್ರ’, 41 ಸಲ

ಶನಿವಾರ ರಾತ್ರಿ ನಾಟಕಕ್ಕೆ ಹೋದವಳು ಭಾನುವಾರ ಬೆಳಿಗ್ಗೆ ಆರಕ್ಕೆ ಮನೆಗೆ ಬಂದೆ. ಅತ್ತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ತಲೆ ಎತ್ತದೆ ಕೇಳಿದರು: ‘ಯಾರವ್ವ ಈ ಸಲ ಸಂಧಾನದ ಕೃಷ್ಣ? ಚೆನ್ನಾಗಿ ಹೇಳುದ್ನಾ?’

ನಮ್ಮ ಮಂಡ್ಯ ಕಡೆ ‘ಕುರುಕ್ಷೇತ್ರ’ ನಾಟಕ ನೋಡಿ ಬಂದವರನ್ನು ಕಥೆ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು. ಪದ್ಯ ಹೇಗೆ ಬಂತು ಅನ್ನುವುದೇ ಪ್ರಶ್ನೆ. ನಾನು ಈ ನಾಟಕವನ್ನು ಇಲ್ಲಿಯವರೆಗೆ 41 ಸಲ ನೋಡಿದ್ದೇನೆ. ಪ್ರತಿ ಸಲವೂ ಊರು, ತಾರೀಕು, ಹಾರ್ಮೋನಿಯಂ ಮೇಷ್ಟ್ರು, ಮನಸ್ಸಿಗೆ ಹಿಡಿದ ಒಂದು ಪದ್ಯ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಮೊದಲ ಹತ್ತು ಹನ್ನೆರಡು ಸಲ ನಾನೂ ಕಥೆಯನ್ನೇ ನೋಡಿದೆ. ಆಮೇಲೆ ಒಂದು ಸಲ ಜಾಗ ಸಿಗದೆ ಹಾರ್ಮೋನಿಯಂ ಪಕ್ಕದಲ್ಲೇ ಚಾಪೆ ಹಾಕಿ ಕೂರಬೇಕಾಯಿತು. ಅವತ್ತಿನಿಂದ ನಾನು ಬೇರೆ ಕಡೆ ಕೂತಿಲ್ಲ. ಮೇಷ್ಟ್ರು ಕೂರುವುದು ರಂಗದ ಕೆಳಗೆ, ಪಾತ್ರಧಾರಿಗೆ ಮುಖ ಮಾಡಿ. ಕಾಲು ಹಾರ್ಮೋನಿಯಂ ಆದರೆ ಗಾಳಿ ತುಂಬುವುದು ಕಾಲಿನಿಂದ, ಎರಡು ಕೈಯೂ ಮನೆಗಳ ಮೇಲೆ, ಅಂದರೆ ಸ್ವರದ ಕೀಗಳ ಮೇಲೆ. ಅಲ್ಲಿಂದ ಮೇಷ್ಟ್ರ ತುಟಿ ಕಾಣುತ್ತದೆ. ಪಾತ್ರಧಾರಿಗೆ ಪದ್ಯದ ಮೊದಲ ಅಕ್ಷರ ಮರೆತರೆ ಮೇಷ್ಟ್ರು ಅದನ್ನು ಸದ್ದಿಲ್ಲದೆ ತುಟಿಯಲ್ಲೇ ಹೇಳಿಕೊಡುತ್ತಾರೆ. ಹಿಂದೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ.

ಅಲ್ಲಿ ಕೂತ ಮೇಲೆ ನನಗೆ ಒಂದು ವಿಷಯ ಅರ್ಥವಾಯಿತು. ನಾಟಕದಲ್ಲಿ ಹಾಡಿಗೆ ತಾಳ ಇರುತ್ತದೆ, ತಬಲಾ ಜೊತೆಗೆ ಹೋಗುತ್ತದೆ. ಪದ್ಯಕ್ಕೆ ತಾಳ ಇಲ್ಲ. ರಾಗ ಇದೆ, ಮಾತು ಇದೆ, ಉಳಿದದ್ದೆಲ್ಲ ಹೇಳುವವನ ಉಸಿರು. ಎಲ್ಲಿ ನಿಲ್ಲಬೇಕು, ಯಾವ ಮಾತನ್ನು ಎಷ್ಟು ಎಳೆಯಬೇಕು, ಅದನ್ನು ಅವನೇ ಆ ಕ್ಷಣಕ್ಕೆ ತೀರ್ಮಾನ ಮಾಡುತ್ತಾನೆ. ಹಾರ್ಮೋನಿಯಂ ಅವನ ಹಿಂದೆ ಹೋಗುತ್ತದೆ. ಹಾಗಾಗಿ ಅದೇ ಊರು, ಅದೇ ಮೇಷ್ಟ್ರು, ಅದೇ ಕರ್ಣ ಆದರೂ ಪದ್ಯ ಇನ್ನೊಂದು ಸಲ ಹಾಗೇ ಬರುವುದಿಲ್ಲ. ನಾನು ಮತ್ತೆ ಮತ್ತೆ ಹೋಗುವುದು ಇದಕ್ಕೇ.

ಪಾತ್ರ ಮಾಡುವವರು ನಮ್ಮವರೇ. ಕಬ್ಬು ಬೆಳೆಯುವವರು, ಗಾರೆ ಕೆಲಸದವರು, ಸ್ಕೂಲ್ ಮೇಷ್ಟ್ರು. ಸ್ತ್ರೀ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಪಾತ್ರಕ್ಕೆ ಅವರವರೇ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನ ಅಂದರೆ ಜಾಸ್ತಿ. ಕೃಷ್ಣನ ಪಾತ್ರ ಉದ್ದ, ಆಸೆ ಪಡುವವರೂ ಬಹಳ. ಅದಕ್ಕೆ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಅಂತ ಹಂಚುತ್ತಾರೆ. ಅತ್ತೆ ಕೇಳಿದ ಸಂಧಾನದ ಕೃಷ್ಣ, ಕೌರವರ ಹತ್ತಿರ ಸಂಧಾನಕ್ಕೆ ಹೋಗುವವನು, ಅವರಲ್ಲಿ ಒಬ್ಬ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ, ಸೀನರಿ ಬಾಡಿಗೆಗೆ ತಂದು, ಒಂದು ರಾತ್ರಿ ಆಡುತ್ತಾರೆ. ಹೀಗೆ ಕೈಯಿಂದ ಹಾಕಿ ಹಾಡುವವರನ್ನು ಕೇಳಲು ಒಂದು ರಾತ್ರಿ ನಿದ್ದೆ ಬಿಡುವುದು ದೊಡ್ಡದಲ್ಲ, ಅಲ್ವಾ?

ಹೋಗುವ ದಿನ ಮಧ್ಯಾಹ್ನ ಎರಡು ಗಂಟೆ ಮಲಗುತ್ತೇನೆ. ಚಾಪೆ, ಕಂಬಳಿ, ಹುರಿದ ಕಡಲೆಕಾಯಿ ಇಟ್ಟುಕೊಳ್ಳುತ್ತೇನೆ. ಒಂದು ರಾತ್ರಿಗೆ ಒಬ್ಬರನ್ನೇ ಹಿಡಿಯುತ್ತೇನೆ. ಒಂದು ಸಲ ಪೂರ್ತಿ ಶಕುನಿ, ಇನ್ನೊಂದು ಸಲ ಪೂರ್ತಿ ಭೀಮ. ಅವನು ಮಾತಾಡದೆ ನಿಂತಾಗಲೂ ಕಣ್ಣು ಅವನ ಮೇಲೇ. ಮೊಬೈಲಲ್ಲಿ ವಿಡಿಯೊ ಮಾಡುವುದಿಲ್ಲ, ಮಾಡಿದರೆ ಕಿವಿ ಕೆಲಸ ಮಾಡುವುದಿಲ್ಲ. ಸಾಧ್ಯವಾದರೆ ಹಿಂದಿನ ವಾರದ ಪ್ರಾಕ್ಟೀಸಿಗೂ ಹೋಗಿ ಕೂರುತ್ತೇನೆ. ಬಣ್ಣ ಹಚ್ಚುವ ಮೊದಲು ಆ ಮನುಷ್ಯನ ದನಿ ಹೇಗಿತ್ತು ಅಂತ ಗೊತ್ತಿದ್ದರೆ ನಾಟಕದ ದಿನ ಕೇಳುವ ಸುಖವೇ ಬೇರೆ.

ಎಲ್ಲ ರಾತ್ರಿಯೂ ಚೆನ್ನಾಗಿರುವುದಿಲ್ಲ. ಒಂದು ಊರಲ್ಲಿ ಮೈಕಿನವರು ಎಕೋ ಎಷ್ಟು ಏರಿಸಿದ್ದರೆಂದರೆ ಕುಂತಿ–ಕರ್ಣರ ಭೇಟಿಯಲ್ಲಿ ಒಂದು ಮಾತೂ ತಿಳಿಯಲಿಲ್ಲ. ನನಗೆ ಅಳುವೇ ಬಂತು. ಇನ್ನೊಂದು ಕಡೆ ಅಭಿಮನ್ಯು ಪದ್ಮವ್ಯೂಹಕ್ಕೆ ಹೊರಟು ನಿಂತಾಗ ನಾಟಕ ನಿಲ್ಲಿಸಿ ಒಂದು ಗಂಟೆ ಸನ್ಮಾನ ಮಾಡಿದರು. ಸನ್ಮಾನವನ್ನು ಶುರುವಿನಲ್ಲೇ ಮುಗಿಸಿಕೊಳ್ಳಿ ಅಂತ ಈಗ ಗೊತ್ತಿರುವ ಊರಿನವರಿಗೆಲ್ಲ ಹೇಳುತ್ತೇನೆ.

ಮಂಡ್ಯ ಕಲಾಮಂದಿರದಲ್ಲಿ, ಮೈಸೂರು ಟೌನ್ ಹಾಲ್‌ನಲ್ಲೂ ನೋಡಿದ್ದೇನೆ. ಆ ಟೌನ್ ಹಾಲ್ 1884ರದ್ದು. ಹೆಸರಾಂತ ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿದ್ದರು. ನಮ್ಮೂರ ರಂಗಕ್ಕೆ ಆನೆ ಬರುವುದಿಲ್ಲ. ಆದರೆ ಹಳೆಯ ಕಾಲದ ಗಾಯಕ ನಟ ವರದಾಚಾರ್ಯರಂಥವರು ಕಂದಪದ್ಯ ಹಾಡಿ ಜನರನ್ನು ಹಿಡಿದು ಕೂರಿಸುತ್ತಿದ್ದ ಆ ಕಾಲದ ರೂಢಿ ಇವತ್ತಿಗೂ ಇಲ್ಲಿ ಬದುಕಿದೆ. ಒಳ್ಳೆಯ ಪದ್ಯ ಬಂದರೆ ‘ವನ್ಸ್ ಮೋರ್’ ಅಂತ ಕೂಗುತ್ತಾರೆ, ಅವನು ಮತ್ತೆ ಹೇಳಲೇಬೇಕು.

ಈ ಶನಿವಾರದ ದುರ್ಯೋಧನನಿಗೆ ಅರವತ್ತರ ಹತ್ತಿರ ವಯಸ್ಸು. ಸಂಧಾನದ ಹೊತ್ತಿಗೇ ಗಂಟಲು ಕಟ್ಟಿತ್ತು. ಬೆಳಗಿನ ಜಾವ ನಾಲ್ಕೂವರೆ. ತಮ್ಮಂದಿರೆಲ್ಲ ಸತ್ತು, ಕರ್ಣನೂ ಹೋಗಿ, ಒಬ್ಬನೇ ಸರೋವರದ ಕಡೆ ಹೊರಟಿದ್ದಾನೆ. ಅಲ್ಲಿ ದೊಡ್ಡ ಪದ್ಯ. ಅವರು ಬಾಯಿ ತೆರೆದರು, ದನಿ ಬರಲಿಲ್ಲ. ಮೇಷ್ಟ್ರು ರಾಗ ನುಡಿಸುವುದನ್ನು ನಿಲ್ಲಿಸಿದರು. ಶ್ರುತಿಯನ್ನು ಒಂದು ಮನೆ ಇಳಿಸಿ, ಬೆರಳು ಅಲ್ಲೇ ಒತ್ತಿ ಹಿಡಿದರು. ಕಾಲು ಮಾತ್ರ ಮೆಲ್ಲಗೆ ಆಡುತ್ತಿತ್ತು. ತಬಲಾದವರು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ದುರ್ಯೋಧನ ಗದೆಯನ್ನು ನೆಲಕ್ಕೆ ಊರಿ, ಅದರ ಮೇಲೆ ಭಾರ ಬಿಟ್ಟು ನಿಂತರು. ಆಮೇಲೆ ಕೆಳಗಿನ ಸ್ವರದಲ್ಲಿ, ಹೆಚ್ಚುಕಡಿಮೆ ಮಾತಾಡಿದ ಹಾಗೆ, ಪದ್ಯ ಶುರು ಮಾಡಿದರು. ಕಂಬಳಿ ಹೊದ್ದು ಮಲಗಿದ್ದ ಅಜ್ಜಂದಿರು ಎದ್ದು ಕೂತರು. ಮುಗಿದಾಗ ಯಾರೂ ಶಿಳ್ಳೆ ಹೊಡೆಯಲಿಲ್ಲ, ವನ್ಸ್ ಮೋರ್ ಅನ್ನಲಿಲ್ಲ. ಆ ದನಿ ಒಡೆಯದೇ ಇದ್ದಿದ್ದರೆ ಆ ಪದ್ಯ ಹಾಗೆ ಬರುತ್ತಿರಲಿಲ್ಲ.

ನಾಟಕ ಮುಗಿದ ಮೇಲೆ ಬಣ್ಣದ ಮನೆಗೆ ಹೋಗಿ, ಯಾವ ಪದ್ಯ ಇಷ್ಟವಾಯಿತು ಅಂತ ಪಾತ್ರಧಾರಿಗೆ ಹೇಳಿ ಬರುವುದು ನನ್ನ ಅಭ್ಯಾಸ. ಅವರು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದರು. ‘ಸರೋವರದ ಪದ್ಯ ಅಣ್ಣ’ ಅಂದೆ. ‘ಗಂಟ್ಲೇ ಇರ್ಲಿಲ್ವಲ್ಲವ್ವ’ ಅಂದರು. ‘ಅದಕ್ಕೇ ಅಣ್ಣ’ ಅಂದೆ. ಅವರು ಕಣ್ಣು ಒರೆಸಿಕೊಂಡರು.

ಮುಂದಿನ ತಿಂಗಳು ಪಕ್ಕದ ಊರಲ್ಲಿ ಇನ್ನೊಂದು ಇದೆ. ನಿನ್ನೆ ಪ್ರಾಕ್ಟೀಸಿಗೆ ಹೋಗಿದ್ದೆ. ಸಂಧಾನದ ಕೃಷ್ಣ ಹಾಲಿನ ಡೈರಿಯ ಹುಡುಗ. ದನಿ ಬಹಳ ಚೆನ್ನಾಗಿದೆ, ಉಸಿರು ಇನ್ನೂ ನಿಲ್ಲುತ್ತಿಲ್ಲ. ಮೇಷ್ಟ್ರು ಪದ್ಯದ ಮೂರನೇ ಸಾಲನ್ನು ರಾತ್ರಿ ಹನ್ನೊಂದರವರೆಗೂ ಹೇಳಿಸುತ್ತಲೇ ಇದ್ದರು.